ಸೆಗೆಡ್‌ನಲ್ಲಿ ಕುಳಿತು ಬ್ಯಾಡಗಿಯ ರಕ್ತ ಕಾಯ್ದದ್ದು

ಹಾವೇರಿ, ಹೊರಡುವ ಮುನ್ನ

ಹಂಗೇರಿ ಹೇಗಿತ್ತು ಎಂದು ಕೇಳಿದವರಿಗೆಲ್ಲ ನಾನು ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಒಬ್ಬರಿಗೆ ಚಳಿಯ ಬಗ್ಗೆ ಹೇಳಿದೆ, ಇನ್ನೊಬ್ಬರಿಗೆ ಟ್ರಾಮಿನ ಬಗ್ಗೆ. ಒಂದು ಮದುವೆಯ ಪಂಕ್ತಿಯಲ್ಲಿ ಕುಳಿತು ಹೇಳಿದ ಕಥೆಯಲ್ಲಂತೂ ನಾನು ಬಹಳ ಚುರುಕಿನ ಹೆಂಗಸು. ಹಾಗೇನೂ ಇರಲಿಲ್ಲ. ಅಲ್ಲಿ ಕಳೆದ ದಿನಗಳಲ್ಲಿ ಲೆಕ್ಕಕ್ಕೆ ಬರುವುದು ಒಂದು ಭಾನುವಾರ ಮತ್ತು ಒಂದು ಸೋಮವಾರ. ಆ ಎರಡು ದಿನವೂ ಮೈ ಹಂಗೇರಿಯಲ್ಲಿತ್ತು, ಜೀವ ಬ್ಯಾಡಗಿಯಲ್ಲಿತ್ತು. ಅದನ್ನೇ ಬರೆಯುತ್ತೇನೆ. ನೆನಪು ಎಲ್ಲಿ ತೇಪೆ ಹಚ್ಚುತ್ತಿದೆ ಅನ್ನಿಸುತ್ತದೋ ಅಲ್ಲಿ ಅದನ್ನೂ ಹೇಳಿಬಿಡುತ್ತೇನೆ.

ನನ್ನ ಮನೆ ಹಾವೇರಿಯಲ್ಲಿ. ಕೆಲಸ ರಾಣೆಬೆನ್ನೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ, ರಕ್ತಪರೀಕ್ಷೆಯ ಮೇಲ್ವಿಚಾರಣೆ. ಅಕ್ಕ ಗಿರಿಜಾ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸುತ್ತಾಳೆ. ಬ್ಯಾಡಗಿಯ ಒಂದು ಕ್ಲಿನಿಕ್ಕಿನಲ್ಲಿ ತೆಗೆದ ರಕ್ತ ಡಬ್ಬಿಯಲ್ಲಿ ಕುಳಿತು, ಬಸ್ ಕಂಡಕ್ಟರನ ಸೀಟಿನ ಕೆಳಗೆ ನಮ್ಮ ಲ್ಯಾಬಿಗೆ ಬರುತ್ತದೆ. ರಿಪೋರ್ಟು ಮರುದಿನ ಹೋಗುತ್ತದೆ. ಅದನ್ನು ಅದೇ ದಿನ ಕೊಡುವುದು ಹೇಗೆ ಎಂದು ಕಲಿತು ಬರಲು ನನ್ನನ್ನು ಹಂಗೇರಿಯ ಸೆಗೆಡ್ ಎಂಬ ಊರಿನ ಆಸ್ಪತ್ರೆಯೊಂದಕ್ಕೆ ಕಳಿಸಿದರು. ಉತ್ತರ ನನಗೆ ಮೊದಲೇ ಗೊತ್ತಿದೆ ಎಂಬ ಧೈರ್ಯದಲ್ಲಿದ್ದೆ. ಇನ್ನೂ ವೇಗದ ಯಂತ್ರ ಬೇಕು, ಅಷ್ಟೇ. ಅಂಥದ್ದು ಹೇಗೆ ಓಡುತ್ತದೆ ಎಂದು ಕಣ್ಣಾರೆ ನೋಡಿಬಂದು ಇಲ್ಲಿ ಕೇಳಬೇಕು.

ಹೊರಡುವ ದಿನ ಅಕ್ಕ ಒಂದು ಚೀಲ ಮೆಣಸಿನಕಾಯಿ ಹೊತ್ತುಕೊಂಡು ಬಂದಳು.

"ಅಲ್ಲಿ ಮಂದಿ ಸಪ್ಪಗ ಉಣತಾರಂತ. ಹಾಕ್ಕೊಂಡ ಹೋಗು."

"ಅಕ್ಕಾ, ಅಲ್ಲೂ ಮೆಣಸಿನಕಾಯಿ ಬೆಳೀತಾರ. ಅದಕ್ಕ ಹೆಸರಾದ ಊರದು."

"ಬೆಳೀಲಿ. ನಮ್ಮ ಮಾಲಿನ ಬಣ್ಣ ಬರತೈತೇನ ಅವಕ್ಕ?"

ಹೇಳುತ್ತಲೇ ಕಟ್ಟೆಯ ಮೇಲೆ ಕುಸಿದು ಕುಳಿತಳು. ಮುಖ ಇಳಿದಿತ್ತು.

"ಯಾಕಕ್ಕಾ?"

"ಸುಗ್ಗಿ ಅಲ್ಲೇನು. ಮಾರ್ಕೆಟ್ಟಿನ್ಯಾಗ ನಿಂತು ನಿಂತು ಕಾಲಾಗ ಶಕ್ತಿನ ಉಳದಿಲ್ಲ. ಹೊಟ್ಟಿನೂ ಕೆಟ್ಟೈತಿ ಒಂದೀಟು."

ಅವಳಿಗೆ ಬಿ.ಪಿ. ಇದೆ, ಗುಳಿಗೆ ನುಂಗುತ್ತಾಳೆ. ರಕ್ತ ತೋರಿಸಿಕೊ ಎಂದು ಗಟ್ಟಿಯಾಗಿ ಹೇಳಿದೆ. "ನೀ ಇಲ್ಲದಾಗ ನನ್ನ ರಕ್ತ ಯಾರ ನೋಡ್ತಾರ?" ಎಂದಳು. ಮಂಜುನಾಥ ನೋಡುತ್ತಾನೆ ಎಂದೆ. ಮಂಜುನಾಥ ನನ್ನ ಜೊತೆಯ ಟೆಕ್ನಿಷಿಯನ್, ಕೆಲಸದಲ್ಲಿ ಅಚ್ಚುಕಟ್ಟು.

ಸೆಗೆಡ್, ಲಿಫ್ಟು

ಈ ದೇಶದವರು ಲಿಫ್ಟಿನಲ್ಲಿ ಕಾಲಿಟ್ಟರೆ ಗುರುತು ಪರಿಚಯ ಇಲ್ಲದವರಿಗೂ ನಮಸ್ಕಾರ ಹೇಳುತ್ತಾರೆ, ಇಳಿಯುವಾಗ ಹೋಗಿಬರುತ್ತೇವೆ ಎನ್ನುತ್ತಾರೆ. ಅಷ್ಟು ಬಿಟ್ಟರೆ ನಡುವೆ ಒಂದು ಮಾತಿಲ್ಲ. ನಮ್ಮ ಬಸ್ಸಿನಲ್ಲಿ ಇದರ ಉಲ್ಟಾ: ನಮಸ್ಕಾರ ಇರುವುದಿಲ್ಲ, ಆದರೆ ಇಳಿಯುವ ಹೊತ್ತಿಗೆ ಪಕ್ಕದವಳ ಸೊಸೆಯ ಹೆರಿಗೆಯವರೆಗೂ ಗೊತ್ತಾಗಿರುತ್ತದೆ.

ಅವರಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಹಾಗಾಗಿ ಸುಜಾತಾ ಹಲಗೇರಿ ಎಂಬ ನನ್ನ ಬ್ಯಾಡ್ಜು ಓದಿದವರೆಲ್ಲ ನನ್ನನ್ನು ಸಲಿಗೆಯಿಂದ "ಹಲಗೇರಿ" ಎಂದು ಕರೆಯತೊಡಗಿದರು. ನಮ್ಮ ಅಜ್ಜ ಉಳುಮೆ ಮಾಡಿದ ಊರು, ರಾಣೆಬೆನ್ನೂರಿನ ಬದಿಯ ಹಲಗೇರಿ, ಸೆಗೆಡ್‌ನ ಟಿಸಾ ನದಿಯ ದಂಡೆಯಲ್ಲಿ ದಿನಾ ಬೆಳಿಗ್ಗೆ ಕಾಫಿಗೆ ಕರೆಸಿಕೊಳ್ಳುತ್ತಿತ್ತು. ತಿದ್ದಬೇಕೆಂದುಕೊಂಡೆ, ತಿದ್ದಲಿಲ್ಲ.

ಲ್ಯಾಬಿನ ಮುಖ್ಯಸ್ಥೆ ಇಲೋನಾ, ನಿವೃತ್ತಿ ಹತ್ತಿರವಿದ್ದ ಎತ್ತರದ ಹೆಂಗಸು. ಅವರಿಗೆ ಹಾವೇರಿಯ ಏಲಕ್ಕಿ ಹಾರ ಒಯ್ದಿದ್ದೆ. ಕೊರಳಿಗೆ ಹಾಕಿದೆ. ಅವರು ಅದನ್ನು ಸೂಕ್ಷ್ಮದರ್ಶಕದ ಮೇಲಿನ ಮೊಳೆಗೆ ತೂಗುಹಾಕಿದರು. ಎರಡನೆಯ ದಿನದಿಂದ ಹಾರ ಸೊರಗತೊಡಗಿತು. ಯಾರೋ ಕಾಫಿಗೆ ಕಿತ್ತುಕೊಳ್ಳುತ್ತಿದ್ದರು.

ವಾರ್ಡುಗಳಿಂದ ರಕ್ತ ಅಲ್ಲಿ ಗೋಡೆಯೊಳಗಿನ ಕೊಳವೆಯಲ್ಲಿ ಗಾಳಿಯ ರಭಸಕ್ಕೆ ಬರುತ್ತದೆ. ಭುಸ್ ಎಂದು ಸದ್ದಾಗಿ ಒಂದು ಡಬ್ಬಿ ಬುಟ್ಟಿಗೆ ಬೀಳುತ್ತದೆ. ಯಂತ್ರ ಅದನ್ನು ನುಂಗಿ, ನಾವು ಕುರ್ಚಿ ಎಳೆದು ಕೂರುವುದರೊಳಗೆ ಅಂಕಿ ಉಗುಳುತ್ತದೆ. ನಾನು ಬಾಯಿ ತೆರೆದು ನೋಡಿದ್ದನ್ನು ಇಲೋನಾ ಗಮನಿಸಿರಬೇಕು. ಇಂಗ್ಲಿಷಿನಲ್ಲಿ ಹೇಳಿದರು: "ಯಂತ್ರವನ್ನು ಎಲ್ಲರೂ ನೋಡುತ್ತಾರೆ. ನೀವು ಬಾಗಿಲನ್ನು ನೋಡಿ." ಹೀಗೆ ಹೇಳಿ ಕಿಟಕಿ ಮುಚ್ಚಿದರು. ಸಂದಿಯಿಂದ ಬರುವ ತಣ್ಣನೆಯ ಗಾಳಿ ಎಂದರೆ ಅವರಿಗೆಲ್ಲ ಭಯ. ಕುತ್ತಿಗೆ ನೋವು, ಹಲ್ಲು ನೋವು, ಕಿವಿ ನೋವು ಎಲ್ಲಕ್ಕೂ ಅದೇ ಕಾರಣ. ನಮ್ಮಲ್ಲಿ ಎಲ್ಲ ಕೆಡುಕೂ ಬಿಸಿಲಿನದು. ಅವರಲ್ಲಿ ಎಲ್ಲ ಕೆಡುಕೂ ತಂಪಿನದು.

ಬಾಗಿಲು ಎಂದದ್ದು ನನಗೆ ಆಗ ಅರ್ಥವಾಗಲಿಲ್ಲ.

ಭಾನುವಾರದ ಸಂತೆ

ರಜೆ. ಸಂತೆಗೆ ಹೋದೆ. ಅಂಗಡಿಗಳ ಮುಂದೆ ಒಣ ಮೆಣಸಿನಕಾಯಿ ಸರ ಕಟ್ಟಿ ತೂಗಿಬಿಟ್ಟಿದ್ದರು. ಒಂದನ್ನು ಮುರಿದು ಮೂಸಿದೆ. ಬಣ್ಣದಲ್ಲಿ ಅಕ್ಕ ಹೇಳಿದ್ದೇ ಖರೆ. ಮಗ್ಗುಲಲ್ಲಿ ಕೆಂಪನೆಯ ಸಾರು ಮಾರುತ್ತಿದ್ದರು. ಮಾಂಸ ಇದೆಯೇ ಎಂದು ಕೇಳಿದೆ, ಇಲ್ಲವೇ ಇಲ್ಲ ಎಂದು ಆಣೆ ಹಾಕಿದರು. ಬಟ್ಟಲಿನ ತಳದಿಂದ ಮೀನಿನ ಬಾಲ ತೇಲಿ ಬಂತು. ಅವರ ಲೆಕ್ಕದಲ್ಲಿ ಮೀನು ಮಾಂಸವಲ್ಲ. ಬಟ್ಟಲು ಹಿಡಿದು ಏನು ಮಾಡಲಿ ಎಂದು ನಿಂತಾಗ ಅಕ್ಕನ ಫೋನು ಬಂತು.

"ಸುಜೀ, ರಿಪೋರ್ಟ್ ಬಂದೈತಿ. ಡಾಕ್ಟ್ರು ಮಾರಿ ಸಣ್ಣದ ಮಾಡ್ಯಾರ. ಪೊಟ್ಯಾಸಿಯಂ ಅಂತ, ಭಾಳ ಐತಂತ."

"ಎಷ್ಟು?"

"ಆರೂವರಿ."

ಮೂರೂವರೆಯಿಂದ ಐದರೊಳಗೆ ನಿಲ್ಲಬೇಕಾದ ಅಂಕಿ ಅದು. ಆರೂವರೆ ಎಂದರೆ ಹೃದಯದ ಬಡಿತ ತಪ್ಪಿ ನಿಂತೇಹೋಗಬಹುದು. ಅಂಕಿಯನ್ನು ಇನ್ನೊಮ್ಮೆ ಹೇಳಿಸಿದೆ.

"ಯಾಕ? ಸಾಯತೇನೇನ?"

"ಹುಚ್ಚಿ ಗತೆ ಮಾತಾಡಬ್ಯಾಡ. ಇನ್ನೊಮ್ಮೆ ರಕ್ತ ಕೊಡು."

"ಡಾಕ್ಟ್ರೂ ಅದನ್ನ ಅಂದಾರ. ಸಂಜಿ ಕೊಡತೇನಿ. ಮೊದಲಿನದೂ ಹೆಂಗರ ಕಳಿಸಿಲ್ಲ ತಗೋ. ಅಂಗಡ್ಯಾಗಿನ ಚಲೋ ಮಾಲ ಜ್ವಾಪಾನ ಮಾಡಿದಂಗ ಮಾಡಿ ಕಳಿಸೇನಿ."

ಈ ಕೊನೆಯ ಮಾತು ಅವಳು ಭಾನುವಾರವೇ ಹೇಳಿದ್ದಳೇ, ಅಥವಾ ಆಮೇಲಿನದನ್ನು ನಾನು ಇಲ್ಲಿಗೆ ತಂದು ಕೂಡಿಸಿದ್ದೇನೆಯೇ, ಗೊತ್ತಿಲ್ಲ. ಅಕ್ಕನನ್ನು ಕೇಳಿದರೆ "ಹೇಳಿದ್ನಿ, ನಿನಗ ಕಿವಿ ಎಲ್ಲಿದ್ದವು" ಎನ್ನುತ್ತಾಳೆ.

ಸೋಮವಾರ, ಲ್ಯಾಬು

ಎರಡನೆಯ ರಿಪೋರ್ಟನ್ನು ಮಂಜುನಾಥನೇ ಫೋನು ಮಾಡಿ ಹೇಳಿದ. ಇನ್ನೂ ಮೇಲೆ ಹೋಗಿತ್ತು. ಏಳರ ಹತ್ತಿರ.

ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಒಂದು ಚಟ. ಸುದ್ದಿ ಕೆಟ್ಟದಾದರೆ ಮೊದಲು ಅದನ್ನು ನಂಬುವುದಿಲ್ಲ. ನಾನು ಒಂದೊಂದೇ ಕೇಳಿದೆ.

"ಯಂತ್ರ ಸರಿ ಐತೇನು?"

"ಬೆಳಿಗ್ಗೆನ ತಪಾಸ ಮಾಡೇನ್ರಿ ಮೇಡಂ. ಬ್ಯಾರೆ ಮಂದೀವು ಎಲ್ಲಾ ಸರಿ ಬಂದಾವು."

"ಹೆಸರು ಅದಲು ಬದಲು?"

"ಇಲ್ರಿ. ಗಿರಿಜಕ್ಕಾರ ಟ್ಯೂಬ್ ನಾನ ಖುದ್ದ ನೋಡೇನಿ."

"ರಕ್ತ ಒಡದಿತ್ತೇನು?"

ರಕ್ತಕಣ ಒಡೆದರೆ ಒಳಗಿನ ಪೊಟ್ಯಾಸಿಯಂ ಹೊರಗೆ ಬಿದ್ದು ಸುಳ್ಳು ಅಂಕಿ ತೋರಿಸುತ್ತದೆ. ಹಾಗೆ ಆಗಿದ್ದರೆ ಮೇಲೆ ನಿಲ್ಲುವ ತಿಳಿನೀರು, ಸೀರಂ, ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದೊಂದೇ ನನಗೆ ಉಳಿದಿದ್ದ ಆಸೆ.

"ಸೀರಂ ಚೊಕ್ಕ ಐತ್ರಿ ಮೇಡಂ. ತುಪ್ಪ ಕಾಸಿದಂಗ."

ಆಸೆ ಮುಗಿಯಿತು. ಮೂರು ಬಾಗಿಲು ತಟ್ಟಿದ್ದೆ, ಮೂರೂ ಮುಚ್ಚಿದ್ದವು. ಹಾಗಾದರೆ ಅಂಕಿ ನಿಜ.

ಅಕ್ಕನಿಗೆ ಫೋನು ಮಾಡಿದೆ. ಕ್ಲಿನಿಕ್ಕಿನ ಡಾಕ್ಟರು ಪೊಟ್ಯಾಸಿಯಂ ಇಳಿಸುವ ಪುಡಿ ಆಗಲೇ ಕೊಟ್ಟಿದ್ದರು. ಕಾರು ಮಾಡಿಕೊಂಡು ರಾಣೆಬೆನ್ನೂರಿಗೆ ಹೊರಟಿದ್ದಳು.

"ನಿಮ್ಮ ಆಸ್ಪತ್ರಿಗೇ ಹೊಂಟೇನಿ. ಇನ್ಸುಲಿನ್ ಹಾಕಿ ಸಲಾಯಿನ್ ಹಚ್ಚತಾರಂತ. ನನಗ ಸಕ್ಕರಿ ಇಲ್ಲ, ಇನ್ಸುಲಿನ್ ಯಾಕಂತ ಕೇಳಿದ್ನಿ. ಅದು ಪೊಟ್ಯಾಸಿಯಂ ಇಳಸತೈತಿ ಅಂದ್ರು. ಖರೇನ?"

"ಖರೆ."

"ಹಚ್ಚಿಸ್ಕೊಳ್ಳಲೇನು?"

"ಹಚ್ಚಿಸ್ಕೋ. ಡಾಕ್ಟರು ಹೇಳಿದಂಗ ಮಾಡು. ಲಗೂ ಹೋಗು."

ಹೀಗೆ ಹೇಳಿದವಳು ನಾನು. ಮದುವೆಯ ಪಂಕ್ತಿಯಲ್ಲಿ ಹೇಳಿದ ಕಥೆಯಲ್ಲಿ ಈ ಮಾತು ಇರಲಿಲ್ಲ.

ಹಳ್ಳಿಯಿಂದ ಬಂದ ಪೆಟ್ಟಿಗೆ

ಹಿಂದಿನ ಬಾಗಿಲಲ್ಲಿ ಒಂದು ವ್ಯಾನು ನಿಂತಿತ್ತು. ಸುತ್ತಲಿನ ಹಳ್ಳಿಗಳ ಕ್ಲಿನಿಕ್ಕುಗಳಿಂದ ರಕ್ತ ಅದರಲ್ಲಿ ಬರುತ್ತದೆ. ನಮ್ಮ ಕಂಡಕ್ಟರನ ಸೀಟಿನ ಕೆಳಗಿನ ಡಬ್ಬಿಗೆ ಅವರ ಉತ್ತರ ಅದು. ಇಲೋನಾ ಒಂದು ಪೆಟ್ಟಿಗೆ ತೆರೆದು, ಒಳಗೆ ಕೈಯಿಟ್ಟು, ಥಟ್ಟನೆ ಹಿಂದೆ ಎಳೆದುಕೊಂಡರು. ಡ್ರೈವರನಿಗೆ ಅವರ ಭಾಷೆಯಲ್ಲಿ ಗದರಿದರು. ಆತ ಭುಜ ಕುಣಿಸಿದ. ಚಳಿಗೆ ವ್ಯಾನಿನ ಹೀಟರು ಕೆಟ್ಟು, ರಕ್ತವೆಲ್ಲ ರಾತ್ರಿಯಿಂದ ತಣ್ಣಗಾಗಿ ಕುಳಿತಿತ್ತು.

"ಇದರಲ್ಲಿ ಪೊಟ್ಯಾಸಿಯಂ ನೋಡುವುದಿಲ್ಲ" ಎಂದರು ನನ್ನ ಕಡೆ ತಿರುಗಿ. "ಹೊಸದಾಗಿ ತೆಗೆಯಬೇಕು."

ಈ ಜಾಗದಲ್ಲಿ ಕಥೆ ಕೇಳುವವರು ನಾನು ಚೀರಿ ಫೋನಿನತ್ತ ಓಡಿದೆ ಎನ್ನಲೆಂದು ಕಾಯುತ್ತಾರೆ. ಓಡಲಿಲ್ಲ. ತಲೆಯಾಡಿಸಿ, ಹೌದು, ಓದಿದ್ದೇನೆ ಎಂದೆ. ಓದಿಯೂ ಇದ್ದೆ. ಪೊಟ್ಯಾಸಿಯಂ ಬಹುಪಾಲು ಇರುವುದು ರಕ್ತಕಣಗಳ ಒಳಗೆ. ಅದನ್ನು ಒಳಗೇ ಹಿಡಿದಿಡಲು ಕಣಗಳು ಸದಾ ದುಡಿಯುತ್ತಿರಬೇಕು. ತಣ್ಣಗಾದರೆ ಆ ದುಡಿಮೆ ನಿಲ್ಲುತ್ತದೆ, ಪೊಟ್ಯಾಸಿಯಂ ಮೆಲ್ಲಗೆ ಹೊರಗೆ ಜಿನುಗುತ್ತದೆ. ಕಣ ಒಡೆಯುವುದಿಲ್ಲ, ಸೀರಂ ಕೆಂಪಾಗುವುದಿಲ್ಲ. ನೋಡಲು ಚೊಕ್ಕ. ಆದರೆ ಇದು ಚಳಿದೇಶದವರ ಕಷ್ಟ ಎಂದು ನನ್ನ ತಲೆಯಲ್ಲಿ ಎಂದೋ ಕುಳಿತುಬಿಟ್ಟಿತ್ತು. ಬ್ಯಾಡಗಿಯ ಬಿಸಿಲಿನಲ್ಲಿ ರಕ್ತ ಎಲ್ಲಿ ತಣ್ಣಗಾದೀತು?

ಕಾಫಿ ತೆಗೆದುಕೊಂಡೆ. ಯಾರೋ ಏಲಕ್ಕಿ ಕಿತ್ತು ಹಾಕಿದ್ದರು. ಹಾವೇರಿಯ ವಾಸನೆ ಬಂತು. ಅದರ ಹಿಂದೆಯೇ ಅಕ್ಕನ ಅಂಗಡಿ ಬಂತು, ಅಂಗಡಿಯ ಹಿಂದೆ ಕೋಲ್ಡ್ ಸ್ಟೋರೇಜು ಬಂತು. ಮೂಟೆ ಮೂಟೆ ಮೆಣಸಿನಕಾಯಿ, ಬಣ್ಣ ಹಾರಬಾರದೆಂದು ತಣ್ಣಗೆ ಕತ್ತಲಲ್ಲಿ. ಚಲೋ ಮಾಲು. ಜ್ವಾಪಾನ. ಆಗ ಎದ್ದೆ. ಕಪ್ಪು ಎಲ್ಲಿ ಇಟ್ಟೆನೋ ಇವತ್ತಿಗೂ ಗೊತ್ತಿಲ್ಲ.

ಸಿಗದ ಫೋನು

ಅಕ್ಕನ ಫೋನು ಬಂದ್ ಆಗಿತ್ತು. ಮಂಜುನಾಥನದು ಕಾರ್ಯನಿರತ. ಮತ್ತೆ ಅಕ್ಕ. ಮತ್ತೆ ಮಂಜುನಾಥ. ಹಿಂದೆ ಗೋಡೆಯ ಕೊಳವೆಯಲ್ಲಿ ಡಬ್ಬಿಗಳು ಭುಸ್ ಭುಸ್ ಎಂದು ಬೀಳುತ್ತಿದ್ದವು. ಒಂದೊಂದು ಸದ್ದಿಗೂ ನನಗೆ ಸಿಟ್ಟು ಬರುತ್ತಿತ್ತು. ಇಷ್ಟು ವೇಗದ ನಡುವೆ ನಿಂತು ರಾಣೆಬೆನ್ನೂರಿನ ಒಂದು ಮಂಚವನ್ನು ಮುಟ್ಟಲು ಆಗುತ್ತಿಲ್ಲ.

ಮಂಜುನಾಥ ಸಿಕ್ಕ.

"ಮಂಜು, ಅಕ್ಕನ ರಕ್ತ ಹೆಂಗ ಬಂತು?"

"ಬಸ್ಸಿಗೇ ಬಂತ್ರಿ."

"ಡಬ್ಬ್ಯಾಗ ಏನಿತ್ತು?"

"ಬರ್ಫ ಇತ್ತಲ್ರಿ, ಐಸಿನ ಗಡ್ಡಿ. ಭಾಳ ಜ್ವಾಪಾನ ಮಾಡಿದ್ರು ಮೇಡಂ, ಬ್ಯಾರೆ ಯಾರೂ ಹಂಗ ಕಳಸಂಗಿಲ್ಲ. ಗಿರಿಜಕ್ಕಾರ ಖುದ್ದ ಬಂದು ಹಾಕಿಸಿದ್ರಂತ. ಶನಿವಾರ ದಾರ್ಯಾಗಿನ ಕದರಮಂಡಲಗಿ ಹನುಮಪ್ಪನ ಗುಡೀಗೆ ಮಂದಿ ಅಂದ್ರ ಮಂದಿ. ಬಸ್ ತಡಾ ಆತು, ಮಶೀನ್ ಬಂದ್ ಮಾಡಿದ್ವಿ. ಮೇಡಮ್ಮಾರ ಅಕ್ಕಾರದು ಅಂತ ನಾನ ಡಬ್ಬಿ ಸಮೇತ ಫ್ರಿಜ್‌ನ್ಯಾಗ ಇಟ್ಟು ಮುಂಜಾನಿ ಮೊದಲ ಅದನ್ನ ಹಚ್ಚಿದ್ನಿ. ನಿನ್ನೀದೂ ಸಂಜಿ ಬಸ್ಸಿಗೆ ಬಂತು, ಹಂಗ ಮಾಡಿದ್ನಿ."

ಇಡೀ ತಾಲ್ಲೂಕಿನಲ್ಲಿ ಎಲ್ಲರಿಗಿಂತ ಹೆಚ್ಚು ಪ್ರೀತಿಯಿಂದ ನೋಡಿಕೊಂಡ ರಕ್ತ ಅದು. ಅದಕ್ಕೇ ಸುಳ್ಳು ಹೇಳಿತ್ತು.

"ಅಕ್ಕ ಎಲ್ಲದಾಳ?"

"ಮ್ಯಾಲಿನ ವಾರ್ಡಿನ್ಯಾಗ. ಸಲಾಯಿನ್ ಹಚ್ಚಾಕತ್ತಾರ ಅನಸತೈತ್ರಿ."

"ಓಡು. ಹಚ್ಚಬ್ಯಾಡಂತ ಹೇಳು. ಫೋನ್ ಡಾಕ್ಟರ ಕೈಯಾಗ ಕೊಡು."

ಮೆಟ್ಟಿಲ ಮೇಲೆ ಅವನ ಚಪ್ಪಲಿಯ ಸದ್ದು, ಏದುಸಿರು. ಬಾಗಿಲು. ಯಾರೋ "ಏಯ್, ಒಳಗ ಎಲ್ಲಿ ಬರತೀಯೋ" ಎಂದು ಬೈದದ್ದು. ಆಮೇಲೆ ಡಾಕ್ಟರ ದನಿ. ನಮ್ಮ ಆಸ್ಪತ್ರೆಯವರೇ, ವಯಸ್ಸಿನಲ್ಲಿ ನನಗಿಂತ ಚಿಕ್ಕವರು.

"ಮೇಡಂ, ಎರಡು ರಿಪೋರ್ಟ್ ಅದಾವು. ನಿಮ್ಮ ಲ್ಯಾಬಿನವ. ಅವನ್ನ ನಂಬಬ್ಯಾಡ ಅಂತ ನೀವ ಹೇಳಾಕತ್ತೀರಿ?"

"ಹೌದ್ರಿ ಸರ್. ರಕ್ತ ರಾತ್ರಿಯೆಲ್ಲಾ ಬರ್ಫದಾಗ ಇತ್ತು. ಇ.ಸಿ.ಜಿ. ಹೆಂಗೈತಿ?"

ಡಾಕ್ಟರು ಕಾಗದ ಬಿಡಿಸಿದ ಸದ್ದು. "ಏಳಕ್ಕ ಇರಬೇಕಾದಂಗ ಇಲ್ಲ. ಅದ ನನಗೂ ಒಂದೀಟು ಅನುಮಾನ. ಆದ್ರ ಇ.ಸಿ.ಜಿ. ಚಲೋ ಐತಂತ ಬಿಡಾಕ ಬರಂಗಿಲ್ರಿ. ತಡ ಮಾಡಿ ಏನರ ಆದ್ರ?"

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ನನ್ನ ಊಹೆ ತಪ್ಪಾಗಿದ್ದರೆ ನಾನೇ ಅಕ್ಕನ ಚಿಕಿತ್ಸೆ ನಿಲ್ಲಿಸಿದವಳು. ಸರಿಯಾಗಿದ್ದರೆ, ಹೊಟ್ಟೆ ಕೆಟ್ಟು, ಬಿ.ಪಿ. ಗುಳಿಗೆಗೆ ಮೂತ್ರ ಹೋಗಿ ಹೋಗಿ ಆಗಲೇ ಪೊಟ್ಯಾಸಿಯಂ ಕಳೆದುಕೊಂಡ ಮೈಯಿಂದ ಇನ್ನಷ್ಟು ಇಳಿಸಲು ಹೊರಟಿದ್ದೆವು. ಕಡಿಮೆಯಾದರೂ ಹೃದಯ ನಿಲ್ಲುತ್ತದೆ.

"ಮಶೀನ್ ಹಚ್ಚಿ ಬಡಿತ ನೋಡ್ಕೋತ ಇರ್ರಿ ಸರ್. ಮಂಜು ಈಗ ರಕ್ತ ತಗದು ಕೈಯಾಗ ಹಿಡಕೊಂಡು ಇಳೀತಾನ. ಅದೊಂದು ರಿಪೋರ್ಟ್ ಬರೋತನಕ."

"ಅದೊಂದ" ಎಂದರು ಡಾಕ್ಟರು. "ಅದರ ಮ್ಯಾಲ ನಾ ಕಾಯಂಗಿಲ್ಲ."

ಹಿನ್ನೆಲೆಯಲ್ಲಿ ಅಕ್ಕ ಕೇಳಿಸಿದಳು: "ಬರ್ಫ ಹಾಕಿದ್ದ ತಪ್ಪಾತಂತೇನು? ಬಿಸಿಲಾಗ ಹಾಲ ಕೆಡತೈತಿ, ಹೂ ಕೆಡತೈತಿ, ರಕ್ತ ಕೆಡಂಗಿಲ್ಲೇನು?"

ಫೋನು ಕಡಿದುಹೋಯಿತು.

ಎಷ್ಟು ಹೊತ್ತು ಕಾಯ್ದೆ ಎಂದು ಕೇಳಬೇಡಿ. ನನ್ನ ನೆನಪಿನಲ್ಲಿ ಅದು ಅರ್ಧ ದಿನ. ಇಲೋನಾ ಕಾಫಿ ಆರುವಷ್ಟು ಹೊತ್ತು ಎನ್ನುತ್ತಾರೆ. ಅವರು ಬಂದು ಪಕ್ಕದಲ್ಲಿ ನಿಂತರು. ಕಿಟಕಿಯ ಸಂದಿ ನೋಡಿ ತಮ್ಮ ಉಣ್ಣೆಯ ಶಾಲು ನನ್ನ ಕುತ್ತಿಗೆಗೆ ಸುತ್ತಿದರು. ಹೊರಗೆ ಹಿಮ ಬೀಳುತ್ತಿತ್ತು ಎಂದು ಬರೆಯಲು ಕೈ ಹೋಗುತ್ತಿದೆ. ಬೀಳುತ್ತಿತ್ತೋ ಇಲ್ಲವೋ.

ಫೋನು ಬಂತು. ಮಂಜುನಾಥನಲ್ಲ, ಡಾಕ್ಟರೇ.

"ಮೇಡಂ, ಮೂರಕ್ಕಿಂತಾ ಕಡಿಮಿ ಐತಿ."

ಹತ್ತಿರದ ಕುರ್ಚಿ ಎಳೆದು ಕುಳಿತೆ.

"ಕೇಳಾಕತ್ತೈತೇನ್ರಿ? ಇನ್ಸುಲಿನ್ ಬಾಟ್ಲಿ ಸ್ಟ್ಯಾಂಡಿಗೆ ತೂಗ ಹಾಕಿತ್ತು. ಇಳಿಸೇವಿ. ಈಗ ಪೊಟ್ಯಾಸಿಯಂ ಕೊಡಾಕ ಸುರು ಮಾಡೇವಿ. ಬಾಳೀಹಣ್ಣು ಬ್ಯಾಡಂತ ಹೇಳಿದ್ರಂತ, ಅಕ್ಕಾರು ಈಗ ಎರಡು ತರಿಸಿ ತಿನ್ನಾಕತ್ತಾರ."

ಇಲೋನಾಗೆ ಹೇಳಬೇಕೆಂದರೆ ಇಂಗ್ಲಿಷು ಬರಲಿಲ್ಲ. ಕನ್ನಡದಲ್ಲೇ ಏನೋ ಹೇಳಿದೆ. ಅವರು ಹೌದು ಹೌದು ಎಂದು ತಲೆಯಾಡಿಸಿದರು.

ಉಳಿದ ದಿನಗಳಲ್ಲಿ ನಾನು ವೇಗದ ಯಂತ್ರದ ಮುಂದೆ ಹೆಚ್ಚು ನಿಲ್ಲಲಿಲ್ಲ. ಹಿಂದಿನ ಬಾಗಿಲಲ್ಲಿ ವ್ಯಾನು ಕಾಯುತ್ತ ನಿಂತೆ.

ಕೊನೆಯ ನಿಲ್ದಾಣ, ಕದರಮಂಡಲಗಿ

ನನ್ನ ಹಂಗೇರಿ ಪ್ರವಾಸ ಮುಗಿದದ್ದು ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಹೋಗುವ ಬಸ್ಸಿನಲ್ಲಿ. ಊರಿಗೆ ಬಂದ ಮೇಲೆ ಆ ದಾರಿಯಲ್ಲಿ ರಕ್ತದ ಡಬ್ಬಿಯ ಜೊತೆ ನಾನೂ ಒಮ್ಮೆ ಹೋಗಿ ನೋಡಬೇಕು ಅನ್ನಿಸಿತು. ಇಷ್ಟು ವರ್ಷ ಆ ಡಬ್ಬಿಗೆ ಕಾದಿದ್ದೆ, ಅದರ ಜೊತೆ ಕುಳಿತಿರಲಿಲ್ಲ.

ಹೊಸ ಯಂತ್ರ ಬಂದಿಲ್ಲ. ನಾನು ಕೇಳಿಲ್ಲ. ಕ್ಲಿನಿಕ್ಕಿನಲ್ಲೇ ರಕ್ತ ತಿರುಗಿಸಿ ಸೀರಂ ಬೇರೆ ಮಾಡುವ ಸಣ್ಣ ಯಂತ್ರ ಕೊಡಿಸುವ ಮಾತು ನಡೆದಿದೆ. ಅಲ್ಲಿಯವರೆಗೆ ಬರ್ಫವಿಲ್ಲದೆ, ಬೆಳಗಿನ ಬಸ್ಸಿಗೇ ಡಬ್ಬಿ ಹತ್ತಬೇಕು. ಇಳಿದ ಕೂಡಲೇ ನಮ್ಮ ಲ್ಯಾಬಿನವರು ನಿಲ್ದಾಣದಲ್ಲಿ ನಿಂತು ಒಯ್ಯಬೇಕು. ಬರುವಷ್ಟರಲ್ಲಿ ಯಂತ್ರ ಖಾಲಿ ಇರಬೇಕು. ಸಂಜೆ ರಿಪೋರ್ಟು ಹೋಗಬೇಕು. ಹೇಳಲು ಇಷ್ಟೇ. ಮಾಡಲು ಡಿಪೋದವರು, ನರ್ಸು, ಮಂಜುನಾಥ ಎಲ್ಲರ ಜೊತೆ ಜಗಳಾಡಿದ್ದೇನೆ.

ಅಕ್ಕ ಮರುತಪಾಸಣೆಗೆಂದು ಪಕ್ಕದಲ್ಲಿ ಕುಳಿತಿದ್ದಳು. ಮುಖಕ್ಕೆ ಬಣ್ಣ ಬಂದಿತ್ತು. ಡಬ್ಬಿ ನನ್ನ ತೊಡೆಯ ಮೇಲಿತ್ತು. ಶನಿವಾರವಾದ್ದರಿಂದ ಕದರಮಂಡಲಗಿಯಲ್ಲಿ ಜನ ಇಳಿಯುವುದು ಮುಗಿಯಲೇ ಇಲ್ಲ. ಬಿಸಿಲು ಕಿಟಕಿಯಿಂದ ನೇರ ಡಬ್ಬಿಯ ಮೇಲೆ ಬೀಳುತ್ತಿತ್ತು, ಸೆರಗು ಮುಚ್ಚಿದೆ. ಕಂಡಕ್ಟರ್ ಬಗ್ಗಿ ನೋಡಿದ.

"ಮೇಡಮ್ಮಾರ, ರಕ್ತ ಅಲ್ರಿ ಅದು? ಬಿಸಿಲಿಗೆ ಕೆಡತೈತಿ. ಗುಡಿ ಮುಂದ ಐಸ್‌ಕ್ಯಾಂಡಿ ಗಾಡಿ ಐತಿ, ಒಂದೀಟು ಬರ್ಫ ಇಸ್ಕೊಂಡ ಬರಲೇನ್ರಿ?"

"ಬ್ಯಾಡೋ ಯಪ್ಪಾ!" ಎಂದು ಅಕ್ಕ ಚೀರಿದ ರಭಸಕ್ಕೆ ಇಡೀ ಬಸ್ಸು ತಿರುಗಿ ನೋಡಿತು. ಇಳಿಯುತ್ತಿದ್ದ ಮುದುಕನೊಬ್ಬ ತೆಂಗಿನಕಾಯಿ ಹಿಡಿದು ಮೆಟ್ಟಿಲ ಮೇಲೆಯೇ ನಿಂತ.

ಕಂಡಕ್ಟರ್ ಪೆಚ್ಚಾದ. "ಚಲೋದಕ್ಕ ಹೇಳಿದ್ನಿರೀ."

"ನಾನೂ ಚಲೋದಕ್ಕ ಹಾಕಿಸಿದ್ನಿ ತಮ್ಮಾ" ಎಂದಳು ಅಕ್ಕ, ದನಿ ತಗ್ಗಿಸಿ. "ಚಲೋದಕ್ಕಂತನ ಹಾಕಿಸಿದ್ನಿ."

ಬಸ್ಸು ಹೊರಟಿತು. ನಾನು ಕೇಳಿದೆ, "ಅಕ್ಕಾ, ಕ್ಲಿನಿಕ್ಕಿನ್ಯಾಗನ ರಕ್ತ ಕೊಟ್ಟಿದ್ರ ಈ ಡಬ್ಬ್ಯಾಗನ ಬರತಿತ್ತಲ್ಲ? ಸುಮ್ಮನ ಬಸ್ಸಿನ್ಯಾಗ ಯಾಕ ಬಂದಿ?"

ಅಕ್ಕ ಡಬ್ಬಿಯನ್ನೊಮ್ಮೆ ನೋಡಿದಳು. ಸೆರಗು ಸರಿಮಾಡಿ, ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡಳು.

"ಈ ಸಲ ನನ್ನ ರಕ್ತ ನನ್ನ ಮೈಯಾಗ ಇಟಗೊಂಡ ಬಂದೇನಿ. ಅಲ್ಲಿ ಮುಟ್ಟಿದ ಮ್ಯಾಲ ತಗೋರಿ."